ಮೊದಲು ಕಾಸು, ಆಮೇಲೆ ಗಿರಾಕಿ

ಮೈಸೂರಿನ ಕುವೆಂಪುನಗರದಲ್ಲಿರುವ ನನ್ನ ಚಿಕ್ಕಪ್ಪ ಬ್ಯಾಂಕಿನಲ್ಲಿ ಮೂವತ್ತನಾಲ್ಕು ವರ್ಷ ದುಡಿದು ನಿವೃತ್ತರಾದವರು. ಸಾಲದ ಅರ್ಜಿ ಹಿಡಿದು ಬಂದವನ ಚಪ್ಪಲಿ ನೋಡಿಯೇ ಅವನು ಕಂತು ಕಟ್ಟುವ ಆಸಾಮಿಯೋ ಅಲ್ಲವೋ ಹೇಳಬಲ್ಲೆ ಎನ್ನುತ್ತಿದ್ದರು. ಅಂಥವರಿಗೆ ಮುಖವನ್ನೇ ತೋರಿಸದ ಹುಡುಗನೊಬ್ಬ ಫೋನಿನಲ್ಲಿ 35,400 ರೂಪಾಯಿಯ ನಾಮ ಹಾಕಿದ.

ಚಿಕ್ಕಪ್ಪನ ಹತ್ತಿರ ಒಂದು ಹಾಲಿಡೇ ಮೆಂಬರ್‌ಶಿಪ್ ಇದೆ. ವರ್ಷಕ್ಕೆ ಏಳು ದಿನ ಕಂಪನಿಯ ಯಾವುದಾದರೂ ರೆಸಾರ್ಟಿನಲ್ಲಿ ತಂಗುವ ಹಕ್ಕು, ಅದು ಇಪ್ಪತ್ತೈದು ವರ್ಷಕ್ಕೆ. ಚಿಕ್ಕಮ್ಮನ ಮಂಡಿನೋವು ಜೋರಾದ ಮೇಲೆ ಪ್ರವಾಸ ನಿಂತಿತು, ವಾರ್ಷಿಕ ಶುಲ್ಕ ನಿಲ್ಲಲಿಲ್ಲ. ಆ ಹೊತ್ತಿಗೇ ಸರಿಯಾಗಿ ಕರೆ ಬಂತು. 'ಸರ್, ನಿಮ್ಮ ಮೆಂಬರ್‌ಶಿಪ್‌ಗೆ ಪಾರ್ಟಿ ರೆಡಿ ಇದೆ.' ಹುಡುಗನಿಗೆ ಸದಸ್ಯತ್ವದ ಸಂಖ್ಯೆ ಗೊತ್ತಿತ್ತು, ಕಂಪನಿ ಬಣ್ಣಗಳಲ್ಲಿ ವಿಂಗಡಿಸುವ ಋತುಗಳಲ್ಲಿ ಚಿಕ್ಕಪ್ಪನದು ಯಾವ ಬಣ್ಣದ ಸೀಸನ್ ಎಂದು ಗೊತ್ತಿತ್ತು, ಎಷ್ಟು ವರ್ಷ ಬಾಕಿ ಎಂಬುದೂ ಗೊತ್ತಿತ್ತು. ಮೂರು ಲಕ್ಷಕ್ಕೆ ಕೊಂಡದ್ದಕ್ಕೆ ನಾಲ್ಕು ಲಕ್ಷ ಅರವತ್ತು ಸಾವಿರ ಕೊಡಿಸುತ್ತೇನೆ ಎಂದ. ನೋಂದಣಿಗೆ ಹತ್ತು ಸಾವಿರ, ಮೇಲೆ ಶೇ 18 ಜಿಎಸ್‌ಟಿ, ಒಟ್ಟು 11,800. ಹತ್ತು ದಿನ ಬಿಟ್ಟು ಎನ್‌ಒಸಿಗೆಂದು 23,600. ಮೂರನೆಯ ಸಲ ಅವನು ಕೇಳಿದ್ದು ಟಿಡಿಎಸ್: 'ನೀವು ಮೊದಲು ಟಿಡಿಎಸ್ ಕಟ್ಟಿಬಿಟ್ಟರೆ ಪೂರ್ತಿ ಮೊತ್ತ ಅಕೌಂಟಿಗೆ ಬೀಳುತ್ತೆ ಸರ್.'

ಅಲ್ಲಿ ಚಿಕ್ಕಪ್ಪನಿಗೆ ನಿದ್ದೆ ಹರಿಯಿತು. ಸೇವೆಯಿಡೀ ಠೇವಣಿದಾರರ ಬಡ್ಡಿಯಲ್ಲಿ ಟಿಡಿಎಸ್ ಹಿಡಿದ ಮನುಷ್ಯ. ಅದು ಹಣ ಕೊಡುವವನು ಕೊಡುವಾಗಲೇ ಹಿಡಿದುಕೊಂಡು ಸರ್ಕಾರಕ್ಕೆ ಕಟ್ಟುವ ತೆರಿಗೆ; ಪಡೆಯುವವನು ಮುಂಚಿತವಾಗಿ ಕಟ್ಟಿದರೆ ಅದು ಟಿಡಿಎಸ್ಸೇ ಅಲ್ಲ. 'ನೋಡಪ್ಪ, ಅವನಿಗೆ ಅಷ್ಟೂ ಗೊತ್ತಿಲ್ಲ' ಎಂದರು ನನಗೆ ಫೋನು ಮಾಡಿ. ದುಡ್ಡು ಹೋದದ್ದಕ್ಕಿಂತ ಕಳ್ಳ ತನ್ನ ಪಾಠವನ್ನೇ ಸರಿಯಾಗಿ ಓದಿಕೊಂಡಿರಲಿಲ್ಲ ಎಂಬ ಸಿಟ್ಟೇ ಅವರಿಗೆ ಹೆಚ್ಚಾಗಿತ್ತು.

ಹಾಲಿಡೇ ಮೆಂಬರ್‌ಶಿಪ್ ಅಂದರೆ ಟೈಮ್‌ಶೇರ್. ಅದನ್ನು ಮಾರಿಸಿಕೊಡುತ್ತೇವೆ, ಬಾಡಿಗೆಗೆ ಕೊಡಿಸುತ್ತೇವೆ ಎಂದು ಮುಂಗಡ ಕೀಳುವ ಈ ದಂಧೆಯ ಬಗ್ಗೆ ಎಚ್ಚರಿಕೆಗಳಿಗೇನೂ ಬರವಿಲ್ಲ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ವರ್ಷಗಳಿಂದ ಹೇಳುತ್ತ ಬಂದಿದೆ: ಮಾರಾಟವಾಗುವ ಮುಂಚೆ ದುಡ್ಡು ಕೊಡಬೇಡಿ, ಮಾತಿಗಿಂತ ಬರಹ ಕೇಳಿ, ಕರೆ ಮಾಡಿದವರ ಹಿನ್ನೆಲೆ ವಿಚಾರಿಸಿ. ನಮ್ಮಲ್ಲೂ ಪೊಲೀಸರು, ಬ್ಯಾಂಕಿನವರು ಇದೇ ಧಾಟಿಯಲ್ಲಿ ಸಂದೇಶ ಕಳಿಸುತ್ತಾರೆ. ಒಂದು ಮಾತೂ ಸುಳ್ಳಲ್ಲ. ಆದರೆ ಈ ಬುದ್ಧಿಮಾತು ಶುರುವಾಗುವ ಜಾಗವೇ ತಪ್ಪು ಎಂದು ನನಗೆ ಅನ್ನಿಸುತ್ತದೆ. ಅದು ಕಳ್ಳನ ಲಕ್ಷಣ ಹೇಳುತ್ತದೆಯೇ ಹೊರತು ಕೈಯಲ್ಲಿರುವ ಸರಕಿನ ಲಕ್ಷಣ ಹೇಳುವುದಿಲ್ಲ.

ಸರಕಿನ ಲಕ್ಷಣ ಇದು: ಅದಕ್ಕೆ ಗಿರಾಕಿ ಇಲ್ಲ. ಅಮೆರಿಕದಲ್ಲಿ ಕಂಪನಿಯಿಂದ ಒಂದು ವಾರದ ಟೈಮ್‌ಶೇರ್ ಕೊಳ್ಳಲು ಇಪ್ಪತ್ತು ಸಾವಿರ ಡಾಲರ್ ದಾಟುವುದುಂಟು; ಅಂಥದ್ದೇ ವಾರ ಇ–ಬೇಯಲ್ಲಿ ಒಂದು ಡಾಲರಿಗೆ ಬಿದ್ದಿರುವುದನ್ನು ಯಾರು ಬೇಕಾದರೂ ನೋಡಬಹುದು. ಮೊದಲ ಬೆಲೆಯ ದೊಡ್ಡ ಪಾಲು ಕಟ್ಟಡದ್ದಲ್ಲ, ಮಾರಿದ ಖರ್ಚಿನದು. ಮಾಲ್‌ನಲ್ಲಿ ಚೀಟಿ ತುಂಬಿಸಿಕೊಂಡು 'ನಿಮಗೆ ಬಹುಮಾನ ಬಂದಿದೆ, ದಂಪತಿ ಸಮೇತ ಬನ್ನಿ' ಎಂದು ಕರೆದು, ಊಟ ಹಾಕಿ, ಎರಡು ಮೂರು ತಾಸು ಕೂರಿಸಿ ಒಪ್ಪಿಸುತ್ತಾರಲ್ಲ, ಆ ಖರ್ಚು. ಸಹಿ ಬಿದ್ದ ಕ್ಷಣವೇ ಅಷ್ಟು ಬೆಲೆ ಆವಿಯಾಗುತ್ತದೆ. ಉಳಿಯುವುದು ವರ್ಷ ವರ್ಷ ಏರುವ ನಿರ್ವಹಣಾ ಶುಲ್ಕದ ಹೊರೆ. ಆ ಹೊರೆಯನ್ನು ದುಡ್ಡು ಕೊಟ್ಟು ಹೊತ್ತುಕೊಳ್ಳುವ ಪುಣ್ಯಾತ್ಮ ಎಲ್ಲಿ ಸಿಗುತ್ತಾನೆ? ಈ ಕಹಿ ಸತ್ಯವನ್ನು ಕಂಪನಿ ಹೇಳುವುದಿಲ್ಲ, ಎಚ್ಚರಿಕೆ ಕೊಡುವವರು ಮೆಲ್ಲಗೆ ಹೇಳುತ್ತಾರೆ. ಅದು ಗೊತ್ತಿಲ್ಲದವನಿಗೆ ನಾಲ್ಕು ಲಕ್ಷ ಅರವತ್ತು ಸಾವಿರ ಎಂಬ ಅಂಕಿ ನಂಬಲರ್ಹವಾಗಿ ಕೇಳುತ್ತದೆ. ಗೊತ್ತಿದ್ದರೆ, ಮುಂಗಡದ ಮಾತು ಬರುವ ಮೊದಲೇ, ಆ ಬೆಲೆಯೇ ಕರೆ ಮಾಡಿದವನ ಗುಟ್ಟು ರಟ್ಟು ಮಾಡುತ್ತಿತ್ತು.

ನಮ್ಮ ಜನಕ್ಕೆ ದಲ್ಲಾಳಿ ಹೊಸಬನಲ್ಲ. ಘಾಟಿ ಸುಬ್ರಹ್ಮಣ್ಯದ ದನದ ಜಾತ್ರೆಯಲ್ಲಿ ಟವೆಲ್ಲಿನ ಅಡಿ ಬೆರಳು ಹಿಡಿದು ಬೆಲೆ ಹೇಳುವ ದಲ್ಲಾಳಿಯನ್ನು ನೋಡಿದವರಿಗೆ ಗೊತ್ತು. ಅವನೇನೂ ಸತ್ಯಹರಿಶ್ಚಂದ್ರನಲ್ಲ, ಎರಡೂ ಕಡೆ ತಿನ್ನುತ್ತಾನೆ, ಮುದಿ ಎತ್ತಿನ ಹಲ್ಲು ಮರೆಸಿ ಮಾತಾಡುತ್ತಾನೆ. ಆದರೂ ಎತ್ತಿನ ಹಗ್ಗ ಕೈ ಬದಲಾಗುವ ತನಕ ಅವನ ಕೈ ಖಾಲಿ. ಬೆಂಗಳೂರಿನಲ್ಲಿ ಬಾಡಿಗೆ ಮನೆ ತೋರಿಸುವ ಬ್ರೋಕರ್ ಒಂದು ತಿಂಗಳ ಬಾಡಿಗೆ ಕೀಳುವುದೂ ಮನೆ ಕುದುರಿದ ಮೇಲೆಯೇ. ವ್ಯಾಪಾರ ಆಗಬೇಕೆಂಬ ತಹತಹ ಅವನಿಗೂ ಇರಬೇಕಾದರೆ ಕೂಲಿ ಕೊನೆಯಲ್ಲಿ ಇರಬೇಕು. ಮೊದಲೇ ಕೂಲಿ ಸಿಕ್ಕವನಿಗೆ ಎತ್ತು ಮಾರಿದರೇನು, ಬಿಟ್ಟರೇನು?

ಇಷ್ಟು ಸರಳ ವಿವೇಕವನ್ನು ಕಾನೂನಾಗಿ ಬರೆದದ್ದು ಯುರೋಪು. ಅಲ್ಲಿನ ಒಕ್ಕೂಟದ 2008ರ ಟೈಮ್‌ಶೇರ್ ನಿರ್ದೇಶನದ ಪ್ರಕಾರ ಮರುಮಾರಾಟದ ಏಜೆಂಟ್, ಮಾರಾಟ ನಿಜವಾಗಿ ನಡೆಯುವವರೆಗೆ ಅಥವಾ ಕರಾರು ಮುಗಿಯುವವರೆಗೆ, ಗ್ರಾಹಕನಿಂದ ಮುಂಗಡವಾಗಿ ಬಿಡಿಗಾಸನ್ನೂ ತೆಗೆದುಕೊಳ್ಳುವಂತಿಲ್ಲ. ಫ್ಲಾರಿಡಾ 2012ರಲ್ಲಿ ಬೇರೆ ದಾರಿ ಹಿಡಿಯಿತು. ಅಲ್ಲಿ ಮುಂಗಡ ಪೂರ್ತಿ ನಿಷಿದ್ಧವಲ್ಲ. ಲಿಖಿತ ಕರಾರು ಬೇಕು, ಏಳು ದಿನದೊಳಗೆ ರದ್ದು ಮಾಡಬಹುದು. ಅದರಲ್ಲಿ ನನಗೆ ಬಹಳ ಹಿಡಿಸಿದ ಒಂದು ಷರತ್ತಿದೆ: ಕೊಳ್ಳುವವರು ಸಿಕ್ಕಿದ್ದಾರೆ ಎಂದು ಹೇಳುವವನು ಅವರ ಹೆಸರು, ವಿಳಾಸ, ಫೋನ್ ಸಂಖ್ಯೆ ಕೊಡಲೇಬೇಕು. 'ಪಾರ್ಟಿ ರೆಡಿ ಇದೆ' ಎಂಬ ಒಂದು ಸಾಲಿನ ಮೇಲೆ ನಿಂತ ದಂಧೆಗೆ ಇದಕ್ಕಿಂತ ಹರಿತವಾದ ಕತ್ತಿ ಇಲ್ಲ. ಆದರೂ ಎರಡನ್ನೂ ಪಕ್ಕ ಪಕ್ಕ ಇಟ್ಟರೆ ನನ್ನ ಮತ ಯುರೋಪಿಗೆ. ಕರಾರು ಓದಿ ಸಹಿ ಹಾಕಿ ಎನ್ನುವ ಕಾನೂನು, ಮೊದಲ ಸಲವೂ ಓದದೆ ಸಹಿ ಹಾಕಿದವನಿಂದ ಎರಡನೆಯ ಸಲ ಜಾಣತನ ಬಯಸುತ್ತದೆ. ನಮ್ಮ ದೇಶದಲ್ಲೋ, ಮರುಮಾರಾಟದ ಮುಂಗಡಕ್ಕೆಂದೇ ಇಂಥ ಕಾಯ್ದೆ ಇಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ದೊಡ್ಡ ಕೊಡೆಯ ಕೆಳಗೇ ನಿಲ್ಲಬೇಕು.

ಕಾನೂನು ಇದ್ದ ಮಾತ್ರಕ್ಕೆ ಎಲ್ಲ ಸರಿಹೋಗುತ್ತದೆ ಎಂದೇನೂ ಅಲ್ಲ, ಗಡಿ ದಾಟಿದರೆ ಕಥೆ ಬೇರೆ. ಮೆಕ್ಸಿಕೊದ ಕಡಲತೀರದ ಊರು ಪ್ವೆರ್ತೊ ವಯಾರ್ತಾದ ಸುತ್ತ ಈ ದಂಧೆಯನ್ನು ನಡೆಸುತ್ತಿರುವುದು ಹಾಲಿಸ್ಕೊ ನ್ಯೂ ಜನರೇಷನ್ ಎಂಬ ಮಾದಕವಸ್ತು ಕಾರ್ಟೆಲ್. 2019ರಿಂದ 2023ರವರೆಗೆ ಸುಮಾರು 6,000 ಅಮೆರಿಕನ್ನರು ಒಟ್ಟು 30 ಕೋಟಿ ಡಾಲರಿನ ಹತ್ತಿರ ಕಳೆದುಕೊಂಡಿದ್ದಾಗಿ ಎಫ್‌ಬಿಐಗೆ ದೂರು ಕೊಟ್ಟಿದ್ದಾರೆ. ಕಾರ್ಟೆಲ್ಲಿನವರಿಗೆ ಟೈಮ್‌ಶೇರ್ ಮಾಲೀಕರ ವಿವರ ಸಿಗುವುದು ಹಲವು ಸಲ ರೆಸಾರ್ಟಿನ ಒಳಗಿನವರಿಂದಲೇ. ಚಿಕ್ಕಪ್ಪನ ಸೀಸನ್ನಿನ ಬಣ್ಣ ಆ ಹುಡುಗನಿಗೆ ಹೇಗೆ ಗೊತ್ತಾಯಿತು ಎಂದು ನಾನು ಈಗಲೂ ಯೋಚಿಸುತ್ತೇನೆ. 2023ರ ಮೇ ತಿಂಗಳಲ್ಲಿ ಗ್ವಾದಲಹಾರಾ ಪಕ್ಕದ ಸಪೋಪಾನ್‌ನಲ್ಲಿ ಕಾಲ್‌ಸೆಂಟರಿನ ಎಂಟು ಮಂದಿ ಎಳೆಯರು ಕಾಣೆಯಾದರು. ಕಮರಿಯೊಂದರಲ್ಲಿ ಚೀಲಗಳಲ್ಲಿ ತುಂಬಿದ ದೇಹದ ತುಂಡುಗಳು ಸಿಕ್ಕವು. ಅವರು ಕೂತು ಕರೆ ಮಾಡುತ್ತಿದ್ದದ್ದು ಈ ಟೈಮ್‌ಶೇರ್ ಮೋಸಕ್ಕೇ ಎಂದು ಅಮೆರಿಕದ ಅಧಿಕಾರಿಗಳು ಹೇಳಿದರು. ಆಚೆ ತುದಿಯ 'ಸರ್, ಸರ್' ಎನ್ನುವ ದನಿ ಯಾವ ಹೆದರಿಕೆಯಲ್ಲಿ ಕೂತಿರುತ್ತದೋ.

ಅಲ್ಲಿಯ ವರಸೆಯ ಕೊನೆಯ ಪಟ್ಟು ಇನ್ನೂ ಕ್ರೂರ. ದುಡ್ಡು ಹೋದವನಿಗೆ ಕೆಲವು ತಿಂಗಳ ಮೇಲೆ ವಕೀಲನೆಂದು ಒಬ್ಬ, ಸರ್ಕಾರಿ ಅಧಿಕಾರಿಯೆಂದು ಇನ್ನೊಬ್ಬ ಕರೆ ಮಾಡುತ್ತಾನೆ. ನಿಮ್ಮ ಹಣ ಸಿಕ್ಕಿದೆ, ಬಿಡಿಸಿಕೊಳ್ಳಲು ಶುಲ್ಕ ಕಟ್ಟಿ. ಒಮ್ಮೆ ಬಿದ್ದ ಮೀನಿನ ಬಾಯಿಯ ಗಾಯಕ್ಕೇ ಮತ್ತೆ ಗಾಳ.

ಬಾಡಿಗೆಯ ವಿಷಯ ಎರಡು ಮಾತಿನಲ್ಲಿ ಮುಗಿಯುತ್ತದೆ. 'ನಿಮ್ಮ ವಾರವನ್ನು ಕಾರ್ಪೊರೇಟ್ ಕಂಪನಿಗೆ ಬಾಡಿಗೆಗೆ ಕೊಡಿಸುತ್ತೇವೆ' ಎನ್ನುವವನ ಮಾತಿಗೆ ತಲೆಯಾಡಿಸುವ ಮುಂಚೆ ಕರಾರು ತೆಗೆದು ನೋಡಬೇಕು. ನಂಟರನ್ನು, ಗೆಳೆಯರನ್ನು ಕಳಿಸಲು ಬಿಡುವ ಹಾಲಿಡೇ ಕ್ಲಬ್ಬುಗಳಲ್ಲೇ ಹಲವು, ದುಡ್ಡು ಪಡೆದು ಬೇರೆಯವರನ್ನು ಇಳಿಸುವುದನ್ನು ಒಪ್ಪುವುದಿಲ್ಲ. ಒಪ್ಪದ ಬಾಡಿಗೆಗೆ ನೋಂದಣಿ ಶುಲ್ಕ ಎಲ್ಲಿಯದು?

ಹಾಗಾದರೆ ಬೇಡವಾದವನು ಏನು ಮಾಡಬೇಕು? ಮೊದಲ ಕರೆ ಮಾರಿದ ಕಂಪನಿಗೇ ಹೋಗಬೇಕು. ಅಮೆರಿಕದಲ್ಲಿ ಸಾಲ ತೀರಿದ ವಾರಗಳನ್ನು ವಾಪಸು ತೆಗೆದುಕೊಳ್ಳುವ ಯೋಜನೆಯನ್ನು ಕೆಲವು ದೊಡ್ಡ ಕಂಪನಿಗಳು ಇಟ್ಟಿವೆ. ಬರುವುದು ಸೊನ್ನೆಯೇ, ಆದರೆ ಮುಂದಿನ ಶುಲ್ಕ ನಿಲ್ಲುತ್ತದೆ. ಬೇಡವಾದಾಗ ಹೊರಬರುವ ಬಾಗಿಲನ್ನು ಕಂಪನಿಗಳು ಮಾರುವ ದಿನವೇ ತೋರಿಸಿದ್ದರೆ ಈ ಕಿಟಕಿ ಕಳ್ಳರಿಗೆ ಅರ್ಧ ಕೆಲಸ ಇರುತ್ತಿರಲಿಲ್ಲ. ಮೋಸ ಮಾಡಿದವನನ್ನು ಬೈಯುವಾಗ ಬಾಗಿಲಿಗೆ ಬೀಗ ಹಾಕಿದವರನ್ನು ಬಿಟ್ಟುಬಿಡುವುದು ಎಚ್ಚರಿಕೆ ಸಾಹಿತ್ಯದ ದೊಡ್ಡ ದೋಷ.

ಚಿಕ್ಕಪ್ಪನಿಂದ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನು ಮಾಡಿಸಿದೆ. ತಡವಾಗಿತ್ತು, ಎರಡೂ ಕಂತು ಖಾತೆಯಿಂದ ಆಚೆ ಹಾರಿದ್ದವು. ವಾಟ್ಸಾಪಿನಲ್ಲಿ ಬಂದಿದ್ದ ರಸೀದಿಯನ್ನು ಇಬ್ಬರೂ ಕೂತು ನೋಡಿದೆವು. ತಲೆಯ ಮೇಲೆ ಪ್ರೈವೇಟ್ ಲಿಮಿಟೆಡ್ ಎಂದು ದಪ್ಪಕ್ಷರ, ಕೆಳಗೆ ಹದಿನೈದು ಅಕ್ಷರಗಳ ಜಿಎಸ್‌ಟಿ ಸಂಖ್ಯೆ. ಮೊದಲ ಎರಡು ಅಂಕಿ 07, ಅಂದರೆ ದೆಹಲಿ, ಕರ್ನಾಟಕಕ್ಕೆ 29. ಅಲ್ಲಿಂದ ಮುಂದಿನ ಹತ್ತು ಅಕ್ಷರ ಪ್ಯಾನ್. ಪ್ಯಾನಿನ ನಾಲ್ಕನೆಯ ಅಕ್ಷರ, ಎಂದರೆ ಇಡೀ ಸಂಖ್ಯೆಯ ಆರನೆಯದು, ಮಾಲೀಕ ಯಾರೆಂದು ಹೇಳುತ್ತದೆ: ಕಂಪನಿಗೆ 'ಸಿ', ಒಬ್ಬ ವ್ಯಕ್ತಿಗೆ 'ಪಿ'. ರಸೀದಿಯಲ್ಲಿ ಇದ್ದದ್ದು 'ಪಿ'. 'ಇದು ನನಗೆ ಗೊತ್ತಿದ್ದದ್ದೇ ಕಣೋ' ಎಂದರು ಚಿಕ್ಕಪ್ಪ, ತುಂಬ ಹೊತ್ತು ಸುಮ್ಮನಿದ್ದು.

ಮೊನ್ನೆ ಕ್ಲಬ್ಬಿನಿಂದ ಈ ವರ್ಷದ ಶುಲ್ಕದ ನೋಟಿಸು ಬಂತು. ಚಿಕ್ಕಪ್ಪ ಕನ್ನಡಕ ಒರೆಸಿಕೊಂಡು ಜಿಎಸ್‌ಟಿ ಸಂಖ್ಯೆಯ ಮೇಲೆ ಬೆರಳಿಟ್ಟು ಒಂದೊಂದೇ ಅಕ್ಷರ ಎಣಿಸಿದರು. ಆರನೆಯದು 'ಸಿ' ಇತ್ತು. ದುಡ್ಡು ಕಟ್ಟಿದರು.