ತಕ್ಕಡಿ ಹೇಳುವ ಹಲ್ಲಿ ಶಾಸ್ತ್ರ

ಹಲ್ಲಿ ಮೈಮೇಲೆ ಎಲ್ಲಿ ಬಿದ್ದರೆ ಏನು ಫಲ ಎಂಬುದಕ್ಕೆ ಪಂಚಾಂಗದಲ್ಲಿ ಪಟ್ಟಿಯೇ ಇದೆ. ಹಲ್ಲಿಗೇ ಮೈ ಸರಿಯಿಲ್ಲದಿದ್ದರೆ ತಿಳಿಯುವುದು ಹೇಗೆ ಎಂಬುದನ್ನು ಅದು ಹೇಳುವುದಿಲ್ಲ. ಅಮೆರಿಕ, ಯುರೋಪುಗಳಲ್ಲಿ ಲೆಪರ್ಡ್ ಗೆಕೊ ಎಂಬ ಹಲ್ಲಿಯನ್ನು ಸಾಕಿಕೊಂಡವರಿಗೆ ಬೇಕಾದದ್ದು ಈ ಎರಡನೆಯ ಶಾಸ್ತ್ರ.

ಅಫ್ಘಾನಿಸ್ತಾನ, ಪಾಕಿಸ್ತಾನದ ಕಡೆಯ ಕಲ್ಲುನೆಲದ ಈ ಜೀವಿ ನಮ್ಮ ಮನೆಯ ಹಲ್ಲಿಯಂತೆ ಗೋಡೆ ಹತ್ತುವುದಿಲ್ಲ, ಆದರೆ ರೆಪ್ಪೆ ಮುಚ್ಚಿ ತೆರೆಯಬಲ್ಲದು. ಹಗಲೆಲ್ಲ ಅಡಗಿರುವುದು ಅದರ ಸಹಜ ಗುಣ. ಹಾಗಾಗಿ ಮಂಕಾಗಿ ಮಲಗಿರುವುದಕ್ಕೂ ಸುಮ್ಮನೆ ಮಲಗಿರುವುದಕ್ಕೂ ವ್ಯತ್ಯಾಸ ಕಣ್ಣಿಗೆ ಸುಲಭವಾಗಿ ಸಿಗದು. ಕಣ್ಣಿಗಿಂತ ನಂಬಬಹುದಾದದ್ದು ಗ್ರಾಂ ತೋರಿಸುವ ಪುಟ್ಟ ತಕ್ಕಡಿ. ವಾರಕ್ಕೊಮ್ಮೆ ತೂಗಿ ಬರೆದಿಟ್ಟುಕೊಳ್ಳಿ. ಬೆಳೆದ ಗೆಕೊ ಸಾಮಾನ್ಯವಾಗಿ 45ರಿಂದ 80 ಗ್ರಾಂ ತೂಗುತ್ತದೆ.

ಹುಳು ಮುಟ್ಟಲಿಲ್ಲ ಎಂದೊಡನೆ ಗಾಬರಿ ಬೇಡ. ಬೆದೆಯ ಕಾಲದಲ್ಲಿ ಗಂಡು, ಮೊಟ್ಟೆ ಕಟ್ಟುವಾಗ ಹೆಣ್ಣು, ಪೊರೆ ಬಿಡುವ ಮುನ್ನ ಎರಡೂ ಊಟ ಬಿಡುವುದುಂಟು. ತೂಕ ನಿಂತಲ್ಲೇ ನಿಂತಿದ್ದರೆ ಕಾಯಬಹುದು. ಊಟವೂ ಇಲ್ಲ, ತೂಕವೂ ಹತ್ತರಲ್ಲೊಂದು ಪಾಲು ಇಳಿದಿದೆ ಎಂದರೆ ಕಾಯುವಂತಿಲ್ಲ.

ಈ ಪ್ರಾಣಿಗೆ ಬಾಲವೇ ಕಣಜ, ಕೊಬ್ಬನ್ನು ಕೂಡಿಡುವುದು ಅಲ್ಲಿ. ತಿನ್ನುತ್ತಿದ್ದರೂ ಬಾಲ ಕಡ್ಡಿಯಾಗುತ್ತ ಬಂದರೆ, ಜೊತೆಗೆ ಭೇದಿಯೂ ಇದ್ದರೆ, ಕ್ರಿಪ್ಟೊಸ್ಪೊರಿಡಿಯಂ ಎಂಬ ಪರೋಪಜೀವಿಯನ್ನು ಶಂಕಿಸಬೇಕು. ಕರುಳನ್ನು ಹಿಡಿಯುವ ಇದಕ್ಕೆ ಖಚಿತ ಮದ್ದಿಲ್ಲ, ಮಾಮೂಲಿ ಬ್ಲೀಚಿಗೂ ಬಗ್ಗದು. ಹೊಸ ಗೆಕೊವನ್ನು ಎರಡು ಮೂರು ತಿಂಗಳು ಬೇರೆಯೇ ಇಡಬೇಕು ಎನ್ನುವುದು ಇದೇ ಕಾರಣಕ್ಕೆ.

ಉಳಿದ ಲಕ್ಷಣಗಳನ್ನು ಓದುವುದು ಅಷ್ಟು ಕಷ್ಟವಲ್ಲ. ದವಡೆ ಮೆತ್ತಗಾಗಿ ಕಾಲು ಸೊಟ್ಟಗಾದರೆ, ಬೆರಳು ನಡುಗಿದರೆ, ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ3 ಕೊರತೆ. ಬಾಯಿ ತೆರೆದು ಉಸಿರಾಡುತ್ತ ಮೂಗಿನಲ್ಲಿ ಗುಳ್ಳೆ ಬಂದರೆ ಶ್ವಾಸಕೋಶದ ಸೋಂಕು. ಬೆರಳ ತುದಿಗೆ ಹಳೆಯ ಪೊರೆ ಸುತ್ತಿಕೊಂಡು ಉಳಿದರೆ ರಕ್ತಸಂಚಾರ ನಿಂತು ಬೆರಳೇ ಉದುರಬಹುದು. ಉಗುರುಬೆಚ್ಚನೆಯ ನೀರಿನಲ್ಲಿ ಒದ್ದೆ ಮಾಡಿದ ಬಟ್ಟೆಯ ಮೇಲೆ ಸ್ವಲ್ಪ ಹೊತ್ತು ಬಿಟ್ಟು, ಹತ್ತಿಕಡ್ಡಿಯಿಂದ ಮೆಲ್ಲನೆ ಉಜ್ಜಿ ತೆಗೆಯಬಹುದು. ಎಳೆಯಬಾರದು.

ಏನೋ ಸರಿಯಿಲ್ಲ ಅನಿಸಿದಾಗ ಮೊದಲು ನೋಡಬೇಕಾದದ್ದು ಥರ್ಮಾಮೀಟರ್. ಬೆಚ್ಚನೆಯ ಗೂಡಿನ ನೆಲ 31ರಿಂದ 33 ಡಿಗ್ರಿ ಸೆಲ್ಸಿಯಸ್ ಇರಬೇಕು. ತಣ್ಣಗಿದ್ದರೆ ತಿಂದದ್ದು ಅರಗುವುದಿಲ್ಲ. ಅಂಥ ಹೊಟ್ಟೆಗೆ ಬಲವಂತವಾಗಿ ತುರುಕುವುದು ಉಪಚಾರವಲ್ಲ, ಹಿಂಸೆ. ಮರಳು ಹಾಸಿದ್ದರೆ ತೆಗೆದು ಪೇಪರ್ ಟವೆಲ್ ಹಾಸಿ. ಅದು ಹೊಟ್ಟೆಗೆ ಹೋಗಿ ಕಟ್ಟಿಕೊಳ್ಳುವುದಿಲ್ಲ, ಹಿಕ್ಕೆಯೂ ಸ್ಪಷ್ಟವಾಗಿ ಕಾಣುತ್ತದೆ. ಕಂದು ಬಣ್ಣದ ಗಟ್ಟಿ ಹಿಕ್ಕೆ, ಪಕ್ಕದಲ್ಲಿ ಬಿಳಿಯ ಯೂರೇಟ್, ಅಂದರೆ ಗಟ್ಟಿ ಮೂತ್ರ, ಇದ್ದರೆ ಕ್ಷೇಮ. ಮನುಷ್ಯರ ಆಂಟಿಬಯಾಟಿಕ್ ಮಾತ್ರೆಯನ್ನು ಅಂದಾಜಿನಲ್ಲಿ ಮುರಿದು ಕೊಡುವುದಂತೂ ಬೇಡವೇ ಬೇಡ. ಮುಟ್ಟಿದ ಮೇಲೆ ಕೈ ತೊಳೆಯಿರಿ. ಆರೋಗ್ಯವಾಗಿ ಕಾಣುವ ಗೆಕೊದಲ್ಲೂ ಸಾಲ್ಮೊನೆಲ್ಲಾ ಇರಬಹುದು. ಆದ್ದರಿಂದ ಅದರ ತಕ್ಕಡಿ ಅಡುಗೆಮನೆಯದಾಗಿರಬಾರದು.

ವೈದ್ಯರ ಬಳಿ ಹೋಗುವಾಗ ತೂಕದ ಪಟ್ಟಿ, ಗೂಡಿನ ಫೋಟೊ, ಅಂದಿನದೇ ಹಿಕ್ಕೆ ಜೊತೆಗಿರಲಿ. ನಾಯಿ ಬೆಕ್ಕು ನೋಡುವವರೆಲ್ಲ ಸರೀಸೃಪ ನೋಡುವುದಿಲ್ಲ. ಅಪರೂಪದ ಬಣ್ಣದ ಗೆಕೊಗೆ ದುಡ್ಡು ಸುರಿಯುವ ಮೊದಲು ಅದನ್ನು ನೋಡಬಲ್ಲ ವೈದ್ಯರನ್ನು ಹುಡುಕಿಟ್ಟುಕೊಳ್ಳಿ, ಸಿಗದಿದ್ದರೆ ಕೊಳ್ಳಬೇಡಿ.