ಪಿಕ್ಸೆಲ್‌ಗಿಂತ ಮೊದಲು ಬೆಳಕು

ಮೈಸೂರಿನ ಚಾಮುಂಡಿ ಬೆಟ್ಟದ ತಪ್ಪಲಲ್ಲಿ ಜಯಚಾಮರಾಜ ಒಡೆಯರ್ ಗಾಲ್ಫ್ ಕ್ಲಬ್‌ನ 18 ಹೋಲ್‌ಗಳ ಮೈದಾನವಿದೆ. ಯುರೋಪಿನ ಮಹಿಳಾ ಟೂರ್‌ನಲ್ಲಿ ಆಡುವ ಪ್ರಣವಿ ಅರಸ್ ಇದೇ ಊರಿನವರು. ಹೀಗಿರುವಾಗ ಮೈಸೂರಿನವರಿಗೆ ಮನೆಯೊಳಗೆ ಪರದೆಗೆ ಚೆಂಡು ಹೊಡೆದು ಆಡುವ ಗಾಲ್ಫ್ ಸಿಮ್ಯುಲೇಟರ್ ಏಕೆ ಎಂದು ಕೇಳುವುದು ನ್ಯಾಯವೇ. ಹುಲ್ಲಿನ ಮೇಲಿನ ಆಟಕ್ಕೆ ಪರದೆ ಸಾಟಿಯಲ್ಲ. ಆದರೆ ಕೆಲಸ ಮುಗಿಸಿ ಬರುವಷ್ಟರಲ್ಲಿ ಕತ್ತಲಾಗಿರುತ್ತದೆ, ಇಲ್ಲವೇ ಮಳೆ ಹಿಡಿದಿರುತ್ತದೆ. ಸ್ವಿಂಗ್ ಕೆಡದಂತೆ ಕಾಪಾಡಿಕೊಳ್ಳಲು ಮನೆಯ ಕೋಣೆಯೇ ಗತಿ. ಅಂಥ ಕೋಣೆಗೆ ಪ್ರೊಜೆಕ್ಟರ್ ಕೊಳ್ಳುವವರು ಡಬ್ಬದ ಮೇಲಿನ ‘4ಕೆ’ ನೋಡಿ ಹಣ ಸುರಿಯುತ್ತಾರೆ. ನೋಡಬೇಕಾದ್ದು ಮೊದಲು ದೂರ, ಆಮೇಲೆ ಬೆಳಕು, ಪಿಕ್ಸೆಲ್ ಕೊನೆಗೆ ಎಂಬುದು ನನ್ನ ವಾದ.

ಪರದೆಯ ಅಗಲ 12 ಅಡಿ, ಅದರಿಂದ 10 ಅಡಿ ಹಿಂದೆ ಚೆಂಡು ಎಂದಿಟ್ಟುಕೊಳ್ಳಿ. ಥ್ರೋ ರೇಶಿಯೊ (ಪರದೆಯಿಂದ ಪ್ರೊಜೆಕ್ಟರಿಗಿರುವ ದೂರವನ್ನು ಚಿತ್ರದ ಅಗಲದಿಂದ ಭಾಗಿಸಿದ ಅಂಕಿ) 1.5 ಇರುವ ಪ್ರೊಜೆಕ್ಟರನ್ನು 18 ಅಡಿ ಹಿಂದಕ್ಕೆ, ಅಂದರೆ ಆಟಗಾರನ ಬೆನ್ನ ಹಿಂದೆ ಇಡಬೇಕು. ಅವನ ನೆರಳೇ ಫೇರ್‌ವೇ ಮೇಲೆ ಬೀಳುತ್ತದೆ. 0.7ರ ಶಾರ್ಟ್ ಥ್ರೋ ಆದರೆ ಎಂಟೂವರೆ ಅಡಿ ಸಾಕು. ಸೀಲಿಂಗ್‌ಗೆ ತೂಗುಹಾಕುವ ಮುನ್ನ ಡ್ರೈವರ್ ಕ್ಲಬ್ ಬೀಸಿದಾಗ ತಾಗುವುದಿಲ್ಲವೆಂದು ಖಚಿತ ಮಾಡಿಕೊಳ್ಳಿ. ಇನ್ನು ಬೆಳಕು. 16:9ರ ಈ ಪರದೆಯ ವಿಸ್ತೀರ್ಣ 81 ಚದರ ಅಡಿ. 2,000 ಲ್ಯೂಮೆನ್ ಹರಡಿದರೆ ಚದರ ಅಡಿಗೆ 25ರಷ್ಟು, 4,000 ಆದರೆ 49. ಡಿಜಿಟಲ್ ಸಿನಿಮಾದ ಮಾನದಂಡ 14 ಫುಟ್-ಲ್ಯಾಂಬರ್ಟ್ (ಸಾಮಾನ್ಯ ಬಿಳಿ ಪರದೆಯಲ್ಲಿ ಚದರ ಅಡಿಗೆ ಸುಮಾರು ಅಷ್ಟೇ ಲ್ಯೂಮೆನ್) ತಾನೇ, 25 ಸಾಲದೇ ಎನ್ನಬಹುದು. ಆದರೆ ಚಿತ್ರಮಂದಿರದಲ್ಲಿ ಕತ್ತಲಿರುತ್ತದೆ. ಇಲ್ಲಿ ಚೆಂಡು ಕಾಣಲು ದೀಪ ಉರಿಯಲೇಬೇಕು, ಕಿಟಕಿಯ ಬೆಳಕೂ ನುಗ್ಗುತ್ತದೆ. ಆಗ ಮೊದಲು ಮಾಸುವುದು ಚಿತ್ರದೊಳಗಿನ ನೆರಳಿನ ಭಾಗ. ಬಂಕರಿನ ಅಂಚು, ಗ್ರೀನಿನ ಏರಿಳಿತ ಎಲ್ಲ ಒಂದೇ ಬಣ್ಣವಾಗುತ್ತವೆ.

4ಕೆ ಪರವಾಗಿಯೂ ಗಟ್ಟಿ ಕಾರಣವಿದೆ. 12 ಅಡಿಯಲ್ಲಿ ಫುಲ್ ಎಚ್‌ಡಿಯ 1,920 ಪಿಕ್ಸೆಲ್ ಎಂದರೆ ಒಂದೊಂದೂ 1.9 ಮಿಲಿಮೀಟರ್. 10 ಅಡಿ ದೂರದಿಂದ ಒಳ್ಳೆಯ ಕಣ್ಣು 0.9 ಮಿಲಿಮೀಟರ್‌ವರೆಗೂ ಗುರುತಿಸಬಲ್ಲದು, ಆದ್ದರಿಂದ ವ್ಯತ್ಯಾಸ ಕಂಡೇ ಕಾಣುತ್ತದೆ. ಆದರೆ ಚೆಂಡಿನ ಹೊಡೆತ ತಡೆಯುವ ಪರದೆಯ ದಪ್ಪ ನೇಯ್ಗೆ ಆ ಸೂಕ್ಷ್ಮತೆಯಲ್ಲಿ ಸ್ವಲ್ಪವನ್ನು ನುಂಗುತ್ತದೆ. ಕಡಿಮೆ ಬೆಲೆಯ ಎಷ್ಟೋ 4ಕೆ ಪ್ರೊಜೆಕ್ಟರ್‌ಗಳು 1,920 ಪಿಕ್ಸೆಲ್‌ನ ಚಿಪ್ ಕೊಡುವ ಚಿತ್ರವನ್ನೇ ಕ್ಷಿಪ್ರವಾಗಿ ಅತ್ತಿತ್ತ ಸರಿಸಿ 4ಕೆ ಚಿತ್ರ ಕೊಡುತ್ತವೆ. ಸಿಮ್ಯುಲೇಟರ್ ನಡೆಸುವ ಕಂಪ್ಯೂಟರಿನ ಗ್ರಾಫಿಕ್ಸ್ ಕಾರ್ಡಿಗೂ 4ಕೆಗೆ ತಕ್ಕ ಶಕ್ತಿ ಬೇಕು. ಬೆಳಕು, 4ಕೆ ಎರಡರಲ್ಲಿ ಒಂದಕ್ಕೇ ಹಣ ಸಾಲುವಂತಿದ್ದರೆ 4,000 ಲ್ಯೂಮೆನ್‌ನ ಲೇಸರ್ ಶಾರ್ಟ್ ಥ್ರೋ ತೆಗೆದುಕೊಳ್ಳಿ. ಕರೆಂಟ್ ಹಠಾತ್ತನೆ ಹೋದರೆ ದೀಪದ ಪ್ರೊಜೆಕ್ಟರಿಗಾಗುವಷ್ಟು ಪೆಟ್ಟು ಅದಕ್ಕಾಗದು. ಡಬ್ಬದ ಮೇಲಿನ ಲ್ಯೂಮೆನ್ ಅಂಕಿ ಆನ್ಸಿ (ANSI) ಮಾನದಂಡದ ಅಳತೆಯದೇ ಎಂದು ಕೇಳಿ ತಿಳಿದುಕೊಳ್ಳಿ. ಅಂಗಡಿಯ ಕತ್ತಲ ಕೋಣೆಯಲ್ಲಿ ನೋಡಿ ಒಪ್ಪಬೇಡಿ, ದೀಪ ಹಾಕಿಸಿ ನೋಡಿ.