ಕಿರೀಟ ಇಳಸದೆ ಮಾಡಿದ ಪ್ರಾರ್ಥನೆ

ಹ್ಯಾಮ್ಲೆಟ್ ಯಾಕೆ ತಡ ಮಾಡಿದ? ವಿಜಯಪುರದ ಕಾಲೇಜುಗಳಲ್ಲಿ ಇಂಗ್ಲಿಷ್ ಸಾಹಿತ್ಯ ಓದುವವರು ಬಾಯಿಪಾಠ ಮಾಡುವ ಪ್ರಶ್ನೆ ಇದು. ತಿಕೋಟಾದಿಂದ, ಬಬಲೇಶ್ವರದಿಂದ ಮುಂಜಾನೆ ಬಸ್ಸಿಗೆ ಜೋತುಬಿದ್ದು ಬರುವ ನಮ್ಮ ಹುಡುಗರೂ ಗೈಡು ನೋಡಿ ಉತ್ತರ ಬರೀತಾರೆ: ಅವನು ವಿಚಾರವಂತ, ಸೂಕ್ಷ್ಮ ಮನಸ್ಸಿನವ, ಯೋಚನೆ ಮಾಡಿ ಮಾಡಿ ಕೈ ಕಟ್ಟಿಹೋದವ. ಉತ್ತರ ತಪ್ಪಲ್ಲ, ಮಾರ್ಕೂ ಬೀಳತಾವ. ಆದರೆ ಪ್ರಶ್ನೆಯನ್ನೇ ತಿರುಗಿಸಿ ಯಾರೂ ಕೇಳುವುದಿಲ್ಲ. ತಡ ಮಾಡುವ ಹಕ್ಕು ಈ ಲೋಕದಲ್ಲಿ ಯಾರಿಗಿದೆ? ಯಾರು ತಡ ಮಾಡಿದರೆ ಅದು ತತ್ವಜ್ಞಾನ, ಯಾರು ತಡ ಮಾಡಿದರೆ ಅದು ಅಪರಾಧ?

ನಾಟಕ ಓದದ ಗೆಳೆಯರಿಗಾಗಿ ಕತೆಯನ್ನು ಚುಟುಕಾಗಿ ಹೇಳುತ್ತೇನೆ. 1603ರಲ್ಲಿ ಮೊದಲ ಸಲ ಅಚ್ಚಾದ ಶೇಕ್ಸ್‌ಪಿಯರನ ಈ ನಾಟಕದಲ್ಲಿ ಡೆನ್ಮಾರ್ಕಿನ ಅರಸ ಸತ್ತಿದ್ದಾನೆ. ತಮ್ಮ ಕ್ಲಾಡಿಯಸ್ ಪಟ್ಟ ಏರಿ ಅತ್ತಿಗೆಯನ್ನೇ ಮದುವೆಯಾಗಿದ್ದಾನೆ. ಸತ್ತ ಅರಸ ದೆವ್ವವಾಗಿ ಬಂದು ಮಗ ಹ್ಯಾಮ್ಲೆಟ್‌ಗೆ ಹೇಳುತ್ತಾನೆ: ನನ್ನನ್ನು ಹಾವು ಕಚ್ಚಿದ್ದಲ್ಲ, ತಮ್ಮನೇ ಕಿವಿಗೆ ವಿಷ ಹೊಯ್ದ, ಸೇಡು ತೀರಿಸು. ಮಗ ಮಾತು ಕೊಡುತ್ತಾನೆ. ಆಮೇಲೆ ನಾಟಕದ ಉದ್ದಕ್ಕೂ ಹಿಂದೆ ಮುಂದೆ ನೋಡುತ್ತಾನೆ. ದೆವ್ವ ಖರೇನೋ ಸುಳ್ಳೋ ಎಂದು ತಿಳಿಯಲು, ಕೊಲೆಯನ್ನು ಹೋಲುವ ಒಂದು ಆಟ ಆಡಿಸಿ ಚಿಕ್ಕಪ್ಪನ ಮುಖ ಪರೀಕ್ಷೆ ಮಾಡುತ್ತಾನೆ. ಕಡೆಗೆ ಕ್ಲಾಡಿಯಸ್ ಸಾಯುವ ಹೊತ್ತಿಗೆ ಹ್ಯಾಮ್ಲೆಟ್, ಅವನ ತಾಯಿ, ಅವನು ಪ್ರೀತಿಸಿದ ಒಫೀಲಿಯಾ, ಅವಳ ತಂದೆ, ಅಣ್ಣ, ಯಾರೂ ಉಳಿದಿರುವುದಿಲ್ಲ. ನೆರೆ ದೇಶದ ರಾಜಕುಮಾರ ದಂಡು ಕಟ್ಟಿಕೊಂಡು ಬಂದು ಖಾಲಿ ಸಿಂಹಾಸನ ಹಿಡಿಯುತ್ತಾನೆ.

ಹ್ಯಾಮ್ಲೆಟ್‌ನ ಅನುಮಾನವನ್ನು ನಾನು ಹಗುರ ಮಾಡುವುದಿಲ್ಲ. ದೆವ್ವದ ಮಾತು ಕೇಳಿ ಕತ್ತಿ ಎತ್ತಬಾರದು, ಪುರಾವೆ ಬೇಕು ಎನ್ನುವುದು ಮರ್ಯಾದಸ್ಥ ಮಾತು. ಆದರೆ ಅನುಮಾನ ಪಡುತ್ತ ಕೂಡಲು ಅವನಿಗೆ ಅರಮನೆ ಇತ್ತು, ಹೊತ್ತಿಗೆ ಊಟ ಇತ್ತು. ಇಂಗ್ಲೆಂಡಿಗೆ ಕಳಿಸಿ ಕೊಲ್ಲಿಸುವ ಹೂಟ ನಡೆದಾಗ ಅವನ ಜೀವ ಉಳಿಸಿದ್ದು ಏನು? ಅರಸನ ಕಾಗದವನ್ನು ಒಡೆದು, ಅಂಥದೇ ಇನ್ನೊಂದು ಕಾಗದವನ್ನು ಚೆಂದ ಅಕ್ಷರದಲ್ಲಿ ಬರೆದು, ಚೀಲದಲ್ಲಿದ್ದ ಅಪ್ಪನ ಮುದ್ರೆ ಒತ್ತಿದ. ಅಕ್ಷರ ಇತ್ತು, ಮುದ್ರೆಯೂ ಇತ್ತು. ನಮ್ಮ ಮನೆತನದಲ್ಲಿ ಕಾಲೇಜು ಕಟ್ಟಿ ಹತ್ತಿದ ಮೊದಲನೆಯವ ನಾನು. ನಮಗೆ ಅಕ್ಷರ ಈಗ ಬಂದಾವ, ಮುದ್ರಿ ಇನ್ನೂ ಬಂದಿಲ್ಲ.

ಮುದ್ರೆ ಇಲ್ಲದವರು ತಡ ಮಾಡಿದರೆ ಏನಾಗುತ್ತದೆ ನೋಡಿ. ಸರಕಾರ ದಲಿತರಿಗೆ, ಆದಿವಾಸಿಗಳಿಗೆ ಮಂಜೂರು ಮಾಡಿದ ಜಮೀನು ಕರಾರು ಮೀರಿ ಬೇರೆಯವರ ಪಾಲಾಗಿದ್ದರೆ ಅದನ್ನು ಮರಳಿ ಕೊಡಿಸುವ ಕಾಯ್ದೆ ಕರ್ನಾಟಕದಲ್ಲಿ 1978ರಲ್ಲಿ ಆಯಿತು. ಇಷ್ಟು ದಿನದೊಳಗೆ ಅರ್ಜಿ ಹಾಕಬೇಕೆಂಬ ಗಡುವು ಅದರಲ್ಲಿ ಇರಲಿಲ್ಲ. ಕಾಯ್ದೆ ಇದೆ ಅನ್ನೋದು ಕೂಲಿಕಾರನ ಕಿವಿಗೆ ಬೀಳಲಿಕ್ಕೇ ವರ್ಷಗಳು ಬೇಕು. ಉತಾರ ತೆಗೆಸಬೇಕು, ಎ.ಸಿ. ಕಚೇರಿಗೆ ಅಲೆಯಬೇಕು, ಯಾರ ಮೇಲೆ ಅರ್ಜಿ ಹಾಕಬೇಕೋ ಅವರ ಹೊಲದಲ್ಲೇ ಮರುದಿನ ಕೂಲಿಗೆ ಹೋಗಬೇಕು. 2017ರಲ್ಲಿ ಸುಪ್ರೀಂ ಕೋರ್ಟು, ಗಡುವು ಬರೆದಿಲ್ಲದಿದ್ದರೂ ಸಮಂಜಸ ಕಾಲದೊಳಗೆ ಬರಬೇಕಿತ್ತು, ತಡವಾಯಿತು ಎಂದು ಒಂದು ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಅದನ್ನೇ ಮುಂದೆ ಹಿಡಿದು ಬೇರೆ ಅರ್ಜಿಗಳನ್ನೂ ತಳ್ಳಿಹಾಕಿದರು. ಹೋರಾಟಗಳು ನಡೆದು, 2023ರಲ್ಲಿ ಶಾಸನಸಭೆ ಕಾಲಮಿತಿ ಇಲ್ಲವೆಂದು ತಿದ್ದುಪಡಿ ಬರೆಯಬೇಕಾಯಿತು. ರಾಜಕುಮಾರನ ತಡಕ್ಕೆ ನಾಲ್ಕು ನೂರು ವರ್ಷದಿಂದ ಭಾಷ್ಯ ಬರೀತಾರೆ. ನಮ್ಮ ತಡಕ್ಕೆ 'ವಿಳಂಬ' ಎಂದು ಒಂದೇ ಶಬ್ದ ಬರೆದು ಫೈಲು ಮುಚ್ಚತಾರೆ.

ಪುರಾವೆಯ ಮಾತೂ ಹೀಗೆಯೇ. 2000ದ ಮಾರ್ಚ್ 11ರಂದು ಆಗಿನ ಕೋಲಾರ ಜಿಲ್ಲೆಯ ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನು ಜೀವಂತ ಸುಟ್ಟರು. 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು, 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಸಾಕ್ಷಿಗಳು ತಿರುಗಿಬಿದ್ದಿದ್ದರು. ಅವರು ಹ್ಯಾಮ್ಲೆಟ್‌ನ ಹಾಗೆ ಖರೇನೋ ಸುಳ್ಳೋ ಎಂದು ತೂಗುತ್ತ ಕೂತವರಲ್ಲ. ಸಾಕ್ಷಿ ಹೇಳಿ ಮತ್ತೆ ಅದೇ ಊರಿಗೆ ಹೋಗಿ ಬದುಕಬೇಕಾದವನ ಬಾಯಿ ಕಟ್ಟುವುದಕ್ಕೆ ತತ್ವಜ್ಞಾನ ಬೇಕಾಗುವುದಿಲ್ಲ.

ಈಗ ನಾಟಕದ ನಡುವಿನ ಒಂದು ದೃಶ್ಯಕ್ಕೆ ಬರುತ್ತೇನೆ. ನನ್ನ ಲೆಕ್ಕದಲ್ಲಿ ಇಡೀ ನಾಟಕದ ಜೀವ ಇಲ್ಲಿದೆ. ಆಟ ನೋಡಿ ಬೆದರಿದ ಕ್ಲಾಡಿಯಸ್ ಒಬ್ಬನೇ ಮಂಡಿಯೂರಿ ಪ್ರಾರ್ಥನೆಗೆ ಕೂಡುತ್ತಾನೆ. ಅಣ್ಣನನ್ನು ಕೊಂದ ಪಾಪ ಅವನನ್ನು ತಿನ್ನುತ್ತಿದೆ. ಆದರೆ ದೇವರ ಹತ್ತಿರ ಏನಂತ ಕೇಳಬೇಕು? ಕೊಲೆ ಮಾಡಿದ್ದು ಯಾವುದಕ್ಕೋ ಅದೆಲ್ಲ ಇನ್ನೂ ತನ್ನ ಕೈಯಲ್ಲೇ ಇದೆ: ಕಿರೀಟ, ಅಧಿಕಾರದ ಆಸೆ, ರಾಣಿ. ಲೂಟಿಯನ್ನು ಇಟ್ಟುಕೊಂಡು ಲೂಟಿಗೆ ಕ್ಷಮೆ ಸಿಗುತ್ತದೆಯೆ? ಈ ಲೋಕದಲ್ಲಾದರೆ ಕದ್ದ ಗಂಟಿನಿಂದಲೇ ಕಾಯ್ದೆಯನ್ನು ಕೊಳ್ಳಬಹುದು, ಮೇಲೆ ಹಾಗೆ ನಡೆಯುವುದಿಲ್ಲ ಎಂದು ಅವನೇ ಒಪ್ಪಿಕೊಳ್ಳುತ್ತಾನೆ. ಕಡೆಗೆ ಕಿರೀಟ ಬಿಡಲಾರದೆ ಎದ್ದು ಹೋಗುತ್ತಾನೆ. ಬಾಯಿ ಪ್ರಾರ್ಥಿಸಿತು, ಮನಸ್ಸು ನೆಲ ಬಿಡಲಿಲ್ಲ.

ಹಿಂದೆ ಕತ್ತಿ ಹಿಡಿದು ನಿಂತ ಹ್ಯಾಮ್ಲೆಟ್‌ಗೆ ಇದ್ಯಾವುದೂ ಗೊತ್ತಾಗುವುದಿಲ್ಲ. ಪ್ರಾರ್ಥನೆ ಮಾಡುವವನನ್ನು ಕೊಂದರೆ ಅವನು ಸ್ವರ್ಗಕ್ಕೆ ಹೋಗುತ್ತಾನೆ, ಪಾಪ ಮಾಡುವಾಗ ಹಿಡಿದು ನರಕಕ್ಕೇ ಕಳಿಸಬೇಕು ಎಂದು ಕತ್ತಿ ಒರೆಗೆ ಸೇರಿಸುತ್ತಾನೆ. ಗೈಡಿನವರು ಇದನ್ನೂ ವಿಳಂಬದ ಲೆಕ್ಕಕ್ಕೆ ಹಚ್ಚುತ್ತಾರೆ. ನನಗೆ ಕಾಣುವುದು ಬೇರೆ. ಹ್ಯಾಮ್ಲೆಟ್‌ನ ಸೋಲು ಅವನ ತಡದಲ್ಲಿಲ್ಲ, ಮಂಡಿಯೂರಿದ್ದನ್ನೇ ಪಶ್ಚಾತ್ತಾಪ ಎಂದು ನಂಬಿದ್ದರಲ್ಲಿದೆ. ಬಾಗಿದ ಬೆನ್ನು ನೋಡಿದ, ತಲಿ ಮ್ಯಾಲಿನ ಕಿರೀಟ ನೋಡಲಿಲ್ಲ.

ಈ ಭ್ರಮೆ ಡೆನ್ಮಾರ್ಕಿನದಷ್ಟೇ ಅಲ್ಲ. ನಮ್ಮ ಪೂರ್ವಜರು ಮಾಡಿದ್ದಕ್ಕೆ ತಲೆತಗ್ಗಿಸುತ್ತೇನೆ ಎಂದು ವೇದಿಕೆ ಮೇಲೆ ಕಣ್ಣೊರೆಸಿಕೊಳ್ಳುವವರನ್ನು ನಾವು ನೋಡಿಲ್ಲವೆ? ಕೇರಿಯಲ್ಲಿ ಒಂದು ತುತ್ತು ಉಂಡು ಫೋಟೋ ತೆಗೆಸಿಕೊಂಡವರನ್ನು? ತಿಕೋಟಾದ ದ್ರಾಕ್ಷಿ ಪಡಗಳಲ್ಲಿ, ಏತ ನೀರಾವರಿಯ ನೀರು ಹರಿದ ಬಬಲೇಶ್ವರದ ಕಡೆಯ ಹೊಲಗಳಲ್ಲಿ ನೆಲದ ಬೆಲೆ ಏರಿದೆ. ಒಣ ನೆಲ ಇದ್ದಾಗ ಬೇಡವಾಗಿದ್ದ ತುಂಡು ಜಮೀನು ನೀರು ಬಂದಮೇಲೆ ಎಲ್ಲರಿಗೂ ಬೇಕಾಗುತ್ತದೆ. ಅಲ್ಲಿ ಪಾಪಪ್ರಜ್ಞೆಯ ಮಾತು ನಡೆಯುವುದಿಲ್ಲ. ಅಲ್ಲಿ ಕೇಳೋದು ಒಂದೇ: ಉತಾರದಾಗ ಯಾರ ಹೆಸರೈತಿ?

ಹ್ಯಾಮ್ಲೆಟ್‌ನ ಕತೆ ಕನ್ನಡಕ್ಕೆ ಬಂದಾಗ ಏನಾಯಿತು? 1932ರಲ್ಲಿ ಕುವೆಂಪು ಅದನ್ನು ಬಿದನೂರಿನ ಅರಮನೆಗೆ ತಂದು 'ರಕ್ತಾಕ್ಷಿ' ಬರೆದರು. ಶೇಕ್ಸ್‌ಪಿಯರನ ಒಫೀಲಿಯಾ ಹುಚ್ಚಿಯಾಗಿ ನೀರುಪಾಲಾದರೆ ಕುವೆಂಪು ಅವರ ರುದ್ರಾಂಬೆ ಸೇಡಿನ ರಕ್ತಾಕ್ಷಿಯಾಗುತ್ತಾಳೆ. ನಾಟಕದ ಹೆಸರೂ ಅವಳದೇ. ಅಳುವ ಹೆಣ್ಣಿಗೆ ಕೆಂಗಣ್ಣು ಕೊಟ್ಟದ್ದು ಸಣ್ಣ ಮಾತಲ್ಲ. ಆದರೂ ಸೇಡು ಅರಮನೆಯ ಗೋಡೆ ದಾಟಲಿಲ್ಲ.

ಗೋಡೆ ದಾಟಿದ್ದು 1947ರ 'ಬೆರಳ್‌ಗೆ ಕೊರಳ್' ನಾಟಕದಲ್ಲಿ. ಈ ಸಲ ಕಾಡಿನ ಹುಡುಗ ಏಕಲವ್ಯ ಮತ್ತು ಅವನ ತಾಯಿ ರಂಗದ ಮೇಲಿದ್ದಾರೆ. ಇಲ್ಲಿಯ ದ್ರೋಣ ಬರೀ ದುಷ್ಟನಲ್ಲ. ಅರ್ಜುನನಿಗೆ ಕೊಟ್ಟ ಮಾತು ಒಂದು ಕಡೆ, ಏಕಲವ್ಯನ ಭಕ್ತಿ ಇನ್ನೊಂದು ಕಡೆ, ನಡುವೆ ಅವನು ಒದ್ದಾಡುತ್ತಾನೆ. ಒದ್ದಾಡಿದ ಮೇಲೂ ಬೆರಳು ಹೋಗುತ್ತದೆ! ಮೇಲಿನವರ ಹೊಯ್ದಾಟದ ಖರ್ಚು ಕೆಳಗಿನವರ ಮೈಯಿಂದಲೇ ವಸೂಲಾಗುತ್ತದೆ. ಇದನ್ನು ಕಾಣಿಸಿದ ಕುವೆಂಪು ಅವರಿಗೆ ನಮ್ಮ ಜನ ಋಣಿಯಾಗಿರಬೇಕು.

ಆದರೆ ಬೆರಳಿಗೆ ಕೊರಳು ಎಂಬ ಆ ಲೆಕ್ಕ ತೀರಿಸುವವರು ಯಾರು? ಕರ್ಮ ಎನ್ನುತ್ತದೆ ನಾಟಕ. ನನ್ನ ತಕರಾರು ಇಲ್ಲಿ. ಹಿಂದಿನ ಜನ್ಮದ ಪಾಪ ಎಂದು ನಮ್ಮನ್ನು ಊರ ಹೊರಗೆ ಇಟ್ಟದ್ದೂ ಇದೇ ಕರ್ಮದ ವಹಿ. ಅದೇ ವಹಿ ನಮ್ಮ ಪರವಾಗಿ ನ್ಯಾಯ ಬರೆಯುತ್ತದೆ ಎಂದು ನಂಬುವುದು ಹೇಗೆ? ಮಹಾಭಾರತವನ್ನೇ ತೆರೆದು ನೋಡಿ. ದ್ರುಪದ ಮಾಡಿದ ಅವಮಾನಕ್ಕೆ ಸೇಡಾಗಿ ದ್ರೋಣ ಶಿಷ್ಯರನ್ನು ಬಿಟ್ಟು ಅವನನ್ನು ಕಟ್ಟಿ ತರಿಸಿ ಅರ್ಧ ರಾಜ್ಯ ಕಿತ್ತುಕೊಂಡ. ಅದಕ್ಕೆ ಸೇಡಾಗಿ ದ್ರುಪದ ಯಜ್ಞ ಮಾಡಿ ಧೃಷ್ಟದ್ಯುಮ್ನನನ್ನು ಪಡೆದ. ಯುದ್ಧದಲ್ಲಿ ಶಸ್ತ್ರ ಕೆಳಗಿಟ್ಟ ದ್ರೋಣನ ತಲೆ ಕಡಿದವನು ಅವನೇ. ಅಂದರೆ ಆ ಕೊರಳು ಬಿದ್ದದ್ದು ಒಬ್ಬ ಅರಸನ ಅರ್ಧ ರಾಜ್ಯಕ್ಕೆ. ಏಕಲವ್ಯನ ಬೆರಳಿಗೆ ಯಾರೂ ಉತ್ತರ ಹೇಳಲಿಲ್ಲ. ಅವನನ್ನು ಕೊಂದದ್ದು ತಾನೇ ಎಂದು ಕೃಷ್ಣ ದ್ರೋಣಪರ್ವದಲ್ಲಿ ಹೇಳಿಕೊಳ್ಳುತ್ತಾನೆ, ಅದೂ ಅರ್ಜುನನ ಹಿತಕ್ಕಾಗಿ. ಸೇಡು ದೊಡ್ಡವರ ನಡುವೆ ಕೈಬದಲಾಗುವ ಆಸ್ತಿ. ನಮ್ಮ ಬೆರಳು ಅದರಾಗ ಚಿಲ್ಲರೆ.

ಇನ್ನು ಕುಣಿ ತೋಡುವವರ ಮಾತು. ಹ್ಯಾಮ್ಲೆಟ್ ನಾಟಕದ ಕಡೆಯ ಭಾಗದಲ್ಲಿ ಇಬ್ಬರು ಒಫೀಲಿಯಾಳಿಗಾಗಿ ಕುಣಿ ತೋಡುತ್ತಾರೆ. ಶೇಕ್ಸ್‌ಪಿಯರ್ ಅವರಿಗೆ ಹೆಸರು ಕೊಟ್ಟಿಲ್ಲ, ವಿದೂಷಕರು ಎಂದಷ್ಟೇ ಬರೆದಿದ್ದಾನೆ. ಆದರೆ ಅರಮನೆಯಲ್ಲಿ ಯಾರೂ ಆಡದ ಸತ್ಯವನ್ನು ಅವರೇ ಆಡುತ್ತಾರೆ: ಇವಳು ದೊಡ್ಡ ಮನೆಯವಳಲ್ಲದಿದ್ದರೆ ಧರ್ಮದ ಪ್ರಕಾರ ಮಣ್ಣು ಸಿಗುತ್ತಿರಲಿಲ್ಲ. ಅದೇ ಜಾಗದಲ್ಲಿ ಹ್ಯಾಮ್ಲೆಟ್ ಗೆಳೆಯನಿಗೆ ಗೊಣಗುತ್ತಾನೆ, ರೈತನ ಕಾಲ್ಬೆರಳು ಆಸ್ಥಾನಿಕನ ಹಿಮ್ಮಡಿಗೆ ತಾಗುವಷ್ಟು ಕಾಲ ಕೆಟ್ಟಿದೆ ಎಂದು. ಸಾವಿನ ಮುಂದೆ ಎಲ್ಲರೂ ಸಮಾನ ಎಂದು ತಲೆಬುರುಡೆ ಹಿಡಿದು ಹೇಳುವ ಬಾಯಿಗೆ, ಬದುಕಿರುವಾಗ ಸಮಾನತೆ ಹತ್ತಿರ ಬಂದರೆ ಹಿಮ್ಮಡಿ ಉರಿಯುತ್ತದೆ!

ವಿಜಯಪುರದವರಿಗೆ ಈ ದೃಶ್ಯವನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮದು ಗೋರಿಗಳ ಊರು. 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್‌ಶಾಹ ಗೋಲಗುಮ್ಮಟದಲ್ಲಿ ಮಲಗಿದ್ದಾನೆ, 1672ರಲ್ಲಿ ತೀರಿಕೊಂಡ ಎರಡನೆಯ ಅಲಿ ಪೂರ್ತಿಯಾಗದ ಬಾರಾಕಮಾನಿನಲ್ಲಿ. ಅರಸರ ಹೆಸರು ಉಳಿದಿವೆ, ಇಬ್ರಾಹಿಂ ರೋಜಾದಲ್ಲಿ ಕಟ್ಟಿದ ಮಲಿಕ್ ಸಂದಲ್‌ನ ಹೆಸರೂ ಉಳಿದಿದೆ. ತೋಡಿದವರ ಹೆಸರು ಎಲ್ಲಿ? ನಮ್ಮ ಕಡೆ ಊರಿನವರ ಹೆಣಕ್ಕೆ ಕುಣಿ ತೋಡುವುದು, ಸಾವಿನ ಸುದ್ದಿ ಊರೂರಿಗೆ ಒಯ್ಯುವುದು, ಹಲಗಿ ಬಾರಿಸುವುದು ಕೇರಿಯವರ ಪಾಲಿನ ಬಿಟ್ಟಿ ಚಾಕರಿಯಾಗಿತ್ತು. ನಮ್ಮ ಹೆಣಕ್ಕೆ ಮಾತ್ರ ಸುಡುಗಾಡಿನ ಜಾಗಕ್ಕಾಗಿ ಅರ್ಜಿ ಬರೆಯಬೇಕು. ಆದ್ದರಿಂದ ಈ ನಾಟಕದಲ್ಲಿ ನಾನು ನಿಂತು ನೋಡುವ ಜಾಗ ಅರಮನೆಯಲ್ಲ, ಆ ಕುಣಿ.

ಹಾಗಾದರೆ ಸೇಡು ಬೇಡವೆ? ಸಿಟ್ಟು ನುಂಗಿಕೊಂಡು ಕೂಡಬೇಕೆ? ಅಲ್ಲ. 1927ರ ಮಾರ್ಚ್ 20ರಂದು ಮಹಾಡಿನಲ್ಲಿ ಬಾಬಾಸಾಹೇಬರು ಸಾವಿರಾರು ಜನರೊಂದಿಗೆ ಹೋಗಿ ಚವದಾರ ಕೆರೆಯ ನೀರು ಕುಡಿದರು. ಜನರನ್ನು ಹೊಡೆದರು, ಕೆರೆಯನ್ನು ಶುದ್ಧಿ ಮಾಡಿದರು. ಡಿಸೆಂಬರಿನಲ್ಲಿ ಮತ್ತೆ ಹೊರಟಾಗ ಕೋರ್ಟಿನ ತಡೆಯಾಜ್ಞೆ ಅಡ್ಡ ಬಂತು. ಸೇರಿದವರು ಕೆರೆಗೆ ನುಗ್ಗಲು ತಯಾರಿದ್ದರೂ ಅವರು ಸತ್ಯಾಗ್ರಹ ಮುಂದೂಡಿದರು. ಅದೂ ಒಂದು ತಡ. ಆದರೆ ಕೈಕಟ್ಟಿ ಕೂತ ತಡವಲ್ಲ. ಡಿಸೆಂಬರ್ 25ರಂದು ಅದೇ ಮಹಾಡಿನಲ್ಲಿ ಮನುಸ್ಮೃತಿ ಸುಟ್ಟರು, ಹತ್ತು ವರ್ಷ ದಾವೆ ನಡೆಸಿ 1937ರಲ್ಲಿ ಮುಂಬಯಿ ಹೈಕೋರ್ಟಿನಲ್ಲಿ ಕೆರೆಯ ಹಕ್ಕು ಗೆದ್ದರು. ಒಂದು ಕೊರಳೂ ಬೀಳಲಿಲ್ಲ, ಕೆರೆ ಮಾತ್ರ ಕೈಗೆ ಬಂತು. ಹ್ಯಾಮ್ಲೆಟ್ ಇದಕ್ಕೆ ತದ್ವಿರುದ್ಧ. ಅವನಿಗೆ ಕೊರಳು ಸಿಕ್ಕಿತು, ರಾಜ್ಯ ಹೊರಗಿನವನ ಪಾಲಾಯಿತು.

ಸಾಲಿ ಮಾಸ್ತರರಿಗೆ, ಕಾಲೇಜಿನ ಗೆಳೆಯರಿಗೆ ನನ್ನ ಒಂದು ಮಾತು. ಈ ನಾಟಕವನ್ನು ಇಂಗ್ಲಿಷಿನವರದು, ಅರಸರದು ಎಂದು ಬಿಸಾಡಬೇಡಿ. ಹುಡುಗರ ಮುಂದೆ ಆ ಪ್ರಾರ್ಥನೆಯ ಪುಟ ತೆರೆಯಿರಿ. ಹ್ಯಾಮ್ಲೆಟ್ ಯಾಕೆ ತಡ ಮಾಡಿದ ಎಂಬುದು ಪರೀಕ್ಷೆಗೆ ಇರಲಿ. ಬದುಕಿಗೆ ಇನ್ನೊಂದು ಪ್ರಶ್ನೆ ಬರೆಸಿರಿ: ಕ್ಲಾಡಿಯಸ್ ಏನೇನು ಮರಳಿ ಕೊಡಬೇಕಿತ್ತು? ಉತ್ತರ ಬರೆಯುವಾಗ ಹುಡುಗರು ತಮ್ಮ ಊರಿನ ಬಾವಿ, ಹೊಲ, ಗುಡಿ, ಸುಡುಗಾಡು ಎಲ್ಲವನ್ನೂ ಪಟ್ಟಿ ಮಾಡಲಿ. ಕ್ಷಮಾ ಕೇಳೋರು ಬಂದಾಗ ಆ ಪಟ್ಟಿ ಅವರ ಕೈಗೆ ಕೊಡೋಣ.